ಅಳತಿ ಟೇಪು

ನಾಲ್ಕನೇ ಮನಿ ಇದು, ನವನಗರದಾಗ.
ಮೊದಲನೇದು ಮೂರನೇ ಮಾಳಗಿ; ಲಿಫ್ಟು ಕೆಟ್ಟು
ಅದರೊಳಗ ಯಾರೋ ಸೈಕಲ್ ನಿಲ್ಲಿಸಿದ್ರು.
ಎರಡನೇದಕ್ಕ ನೀರು ಎಂಟು ದಿನಕ್ಕೊಮ್ಮೆ,
ಟಾಕಿ ನೋಡಿದ್ರ ಹಂಡೇಕ್ಕಿಂತ ಒಂಚೂರು ದೊಡ್ಡದು.
ಮೂರನೇದು ಛಲೋ ಇತ್ತು. ಯಾಕ ಬ್ಯಾಡಂದ್ಲೋ, ಹೇಳವಲ್ಲಳು.

ನೀಲಾಂಬಿಕಾ ಟೇಪು ಹಿಡದಾಳ, ತುದಿ ನನ್ನ ಕಡೆ.
ಮೂವತ್ನಾಲ್ಕು ವರ್ಷ ರೈಲ್ವೆ ವರ್ಕ್‌ಶಾಪಿನಾಗ
ಕೂದಲೆಳಿ ಅಂತರ ಅಳದವ ನಾ;
ಇಲ್ಲಿ ಬರೇ ತುದಿ ಹಿಡ್ಕೊಂಡು ನಿಂದ್ರೂದು.
ಕಪಾಟು ಹಿಡೀತದ. ಹೊಲಿಗಿ ಮಷೀನು ಕಿಡಕಿಗೆ ಸರಿ.
ಸಾಗವಾನಿ ಮಂಚ ಒಲ್ಲೆ ಅಂತದ, ಆರು ಇಂಚಿಗೆ.
'ಅವ್ವನ ಮಂಚ ಅದು,' ಅಂದೆ.
'ಅದಕ್ಕs,' ಅಂದ್ಲು.
ಟೇಪು ಸರ್ರಂತ ಒಳಗ ಹೋತು.

ಹೊರಗ ಬಂದು ಮೆಟ್ಟಲ ತಿರುವು ಅಳದ್ಲು, ಎರಡು ಸಲ.
ದಲಾಲಿ ಫಕ್ಕೀರೇಶ ನಕ್ಕ:
'ಮಂಚ ಬಿಚ್ಚಿ ಒಯ್ಯಬಹುದ್ರಿ ಅಕ್ಕಾರ.'
'ಮಂಚದ ಮಾತಲ್ಲಪಾ.
ಕಡೀ ಸಲ ಇಳಸೂ ಮುಂದ ಹೊಳ್ಳತದೇನು, ಅಂತ.'
ಅವನ ಬಾಯಾಗಿನ ಅಡಿಕಿ ಅಲ್ಲೇ ನಿಂತಿತು.
ಮೂರನೇ ಮನೀದು ಸುರುಳಿ ಮೆಟ್ಟಲ
ಅಂಬೂದು ನನಗ ಈಗ ನೆನಪಾತು.
'ನಮ್ಮನ್ನ ಕುಂಡ್ರಿಸೇ ಒಯ್ತಾರಲ್ಲs,' ಅಂದೆ,
'ಕುರ್ಚಿ ಹೊಳ್ಳಿದ್ರ ಸಾಕು.'

ಅಕಿ ನಕ್ಕಳು, ಇಷ್ಟು ಮನಿ ತಿರುಗಿದ ಮ್ಯಾಲ ಮೊದಲ ಸಲ.
ನಗಿ ಖಾಲಿ ಗ್ವಾಡಿಗೆ ಬಡದು ಹೊಳ್ಳಿ ಬಂತು.
ದೂರದಾಗ ಚಿಗರಿ ಬಸ್ಸು
ಬಾಗಲಾ ತಗದು, ಮುಚ್ಚಿದ ಸಪ್ಪಳ.

'ಬಚ್ಚಲ ನೋಡೇ ಇಲ್ಲಲ್ರೀ ಇನ್ನಾ,' ಅಂದು
ಟೇಪಿನ ತುದಿ
ಮತ್ತ ನನ್ನ ಕೈಯಾಗ ಇಟ್ಲು.