ಒಂದೇ ಮಂಚದ ಕೋಣೆ

ಅರಸೀಕೆರೆ ಸ್ಟೇಷನ್ನಿನ ಹಿಂದೆ, ಕೊಬ್ಬರಿ ಮಂಡಿಯ ಮೇಲೆ
ನಮ್ಮಿಬ್ಬರಿಗೂ ಸೇರಿ ಒಂದು ಕೋಣೆ, ಒಂದು ಮಂಚ.
ರಾತ್ರಿ ಪಾಳಿಯ ಪಾಯಿಂಟ್ಸ್‌ಮನ್ ಲಾಜರ
ಬೆಳಿಗ್ಗೆ ಏಳಕ್ಕೆ ಬಂದು ಬೂಟು ಬಿಚ್ಚುವಾಗ
ನಾನು ಮಂಡಿಯ ಲೆಕ್ಕ ಬರೆಯಲು ಮೆಟ್ಟಿಲಿಳಿಯುತ್ತಿದ್ದೆ.
ಹಾಸಿಗೆ ತಣ್ಣಗಾಗಲು ಬಿಡುವೇ ಇರಲಿಲ್ಲ.
ದಿಂಬಿನ ಗುಳಿ ಅವನದೋ ನನ್ನದೋ
ಇಬ್ಬರೂ ಕೇಳಿಕೊಳ್ಳಲಿಲ್ಲ.

ಹಗಲಿನಲ್ಲಿ ಆ ಕೋಣೆ ಹೇಗಿರುತ್ತದೆಂದು
ನನಗೆ ಗೊತ್ತಿರಲಿಲ್ಲ. ಅದಕ್ಕೇ ಬರೆಯಲು ಕೂತೆ:
ಹಳೇ ಕೊಬ್ಬರಿ ಚೀಲದ ಹೊಲಿಗೆ ಬಿಚ್ಚಿ,
ಸರೇಸು ಕಾಯಿಸಿ ಬಳಿದು, ಚೌಕಟ್ಟಿಗೆ ಮೊಳೆ ಹೊಡೆದು,
ನಲವತ್ತರ ಬಲ್ಬಿನ ಕೆಳಗೆ
ಮಧ್ಯಾಹ್ನ ಎರಡು ಗಂಟೆಯನ್ನು.

ಸುಣ್ಣಕ್ಕೆ ನೀಲಿ ಬೆರೆಸಿದ ಗೋಡೆ ಅದು.
ಕುಂಚ ಒಪ್ಪಲಿಲ್ಲ.
ನಿದ್ದೆಗೆಟ್ಟವನು ಹಗಲು ಮಲಗಿದರೆ
ರೆಪ್ಪೆಯ ಒಳಗೆ ಏನು ಕಾಣುತ್ತದೆ?
ಕಿತ್ತಳೆ. ಅಲ್ಲಲ್ಲಿ ರಕ್ತದ ನೂಲು.
ಚಾಕುವಿನಲ್ಲಿ ಕಿತ್ತಳೆಯನ್ನೇ ಮೆತ್ತಿದೆ,
ರೊಟ್ಟಿಗೆ ಬೆಣ್ಣೆ ಮೆತ್ತುವ ಧಾರಾಳದಲ್ಲಿ,
ಟ್ಯೂಬಿನ ಬೆಲೆ ಮರೆತು.
ಮಂಚ ಎಳೆದೆ, ಗೂಡ್ಸ್ ವ್ಯಾಗನ್ನಿನಷ್ಟು ಉದ್ದವಾಯಿತು.
ಕಿಟಕಿ ಬಾಗಿಲನ್ನೂ ಮೀರಿತು.
ನೆಲ ಸ್ಟೇಷನ್ನಿನ ಕಡೆಗೆ ವಾಲಿತು; ವಾಲಲಿ ಎಂದು ಬಿಟ್ಟೆ.
ಒಂದೂವರೆಯ ಗೂಡ್ಸ್ ಹಾದಾಗ ಕೋಣೆ ನಡುಗಿ
ಹಗ್ಗದ ಮೇಲಿನ ಟವೆಲ್ಲಿಗೆ ಸೊಟ್ಟ ಅಂಚು ಬಿತ್ತು.
ಇಡೀ ಚಿತ್ರದಲ್ಲಿ ಇದ್ದದ್ದು ಇದ್ದ ಹಾಗೆ ಬಂದದ್ದು
ಅದೊಂದೇ.

ಬಾಗಿಲ ಪಕ್ಕದ ಮೂಲೆಗೆ ಬರುವಷ್ಟರಲ್ಲಿ ಅಗಸೆ ಎಣ್ಣೆ ಮುಗಿಯಿತು.
ಸೀಸೆ ತಲೆಕೆಳಗು ಹಿಡಿದು ಕಾದೆ. ಒಂದು ತೊಟ್ಟು.
ಹಾಸನಕ್ಕೆ ಹೋಗಿ ತರಬೇಕು; ಸಂಬಳಕ್ಕೆ ಇನ್ನೂ ಒಂಬತ್ತು ದಿನ.
"ಎಣ್ಣೆ ತಾನೇ? ಈ ಊರಲ್ಲಿ ಎಣ್ಣೆಗೇನಯ್ಯ ಬರ?" ಎಂದು
ಮಂಡಿಯ ಗುರುಶಾಂತಪ್ಪನವರು
ಗಾಣದಿಂದ ಬಂದ ಹೊಸದನ್ನೇ ಅರ್ಧ ಲೋಟ ಬಗ್ಗಿಸಿದರು.
ಕೊಬ್ಬರಿ ಎಣ್ಣೆಯಲ್ಲಿ ಕಪ್ಪು ಕಲಸಿ
ಲಾಜರನ ಬೂಟು ಬರೆದೆ.
ಆಗ ಅವು ಅವನ ಕಾಲಲ್ಲಿ, ಎಲ್ಲೋ ಲೈನಿನ ಮೇಲೆ.
ನನ್ನೆದುರು ಇದ್ದದ್ದು ನೆಲದಲ್ಲಿ
ಬೂಟಿನಷ್ಟೇ ಉದ್ದದ ಎರಡು ಮಣ್ಣಿನ ಗುರುತು.

ಬೆಳಿಗ್ಗೆ ಬಂದು ನಿಂತು ನೋಡಿದ.
"ಗೋಡೆಗೆ ಜ್ವರ ಬಂದಿದೆಯಲ್ಲೋ."
ಮತ್ತೆ ನೋಡಿದ. "ನಾನೆಲ್ಲಿ?"
ನೀನು ಮಲಗಿದ್ದನ್ನು ನಾನೆಲ್ಲಿ ಕಂಡಿದ್ದೇನೆ, ಅಂದೆ.
ಅವನು ಬೂಟು ಬಿಚ್ಚಿ, ಒಂದು ಸಲ ಚಿತ್ರ ನೋಡಿ,
ಅಲ್ಲಿದ್ದ ಹಾಗೆಯೇ ಸರಿಸಿಟ್ಟು
ಮುಸುಕೆಳೆದ.

ಆ ಬೇಸಿಗೆ ಅವನಿಗೆ ಚಿಕ್ಕಜಾಜೂರಿಗೆ ವರ್ಗವಾಯಿತು.
ಮಂಡಿಯಿಂದ ಬಂದು ಮಲಗಿದೆ, ಹಾಸಿಗೆ ತಣ್ಣಗಿತ್ತು.
ಎದ್ದು ಕೂತೆ.

ಹನ್ನೊಂದು ವರ್ಷ.
ಕಿತ್ತಳೆ ಕಲ್ಲಾಗಿದೆ, ಮಂಚ ಕೆರೆಯ ತಳದ ಹಾಗೆ ಬಿರಿದಿದೆ,
ಬಿರುಕಿನಲ್ಲಿ ಗೋಣಿಯ ಮೇಲೆ ಮಂಡಿಯವರು ಒತ್ತಿದ
ಅರ್ಧ ಅಕ್ಷರ ಇಣುಕುತ್ತದೆ.
ಕೊಬ್ಬರಿ ಎಣ್ಣೆ ಒಣಗುವ ಜಾತಿಯದಲ್ಲವೆಂದು
ಆಮೇಲೆ ಯಾರೋ ಹೇಳಿದರು.
ಬೂಟು ಇನ್ನೂ ಹಸಿ. ಮುಟ್ಟಿದರೆ ಬೆರಳಿಗೆ ಕಪ್ಪು.
ಮಗಳ ಫ್ರಾಕಿಗೆ ಎರಡು ಸಲ ಮೆತ್ತಿದ ಮೇಲೆ
ಹೆಂಡತಿ ಚಿತ್ರವನ್ನು ಮೇಲಿನ ಮೊಳೆಗೆ ಏರಿಸಿದಳು.

ಮೊನ್ನೆ ಧೂಳು ಹೊಡೆಯಲು ಸ್ಟೂಲು ಹತ್ತಿದಾಗ
ಎಡಗಾಲ ಬೂಟಿನ ಮೂತಿಗೆ ಒಂದು ಇರುವೆ ಅಂಟಿತ್ತು.
ಜೀವವಿತ್ತು. ಕಡ್ಡಿಯ ತುದಿಯಿಂದ ಬಿಡಿಸಿದೆ.
ವಾಲಿದ ನೆಲ ದಾಟಿ, ಮಂಚ ಬಳಸಿ,
ಕಿತ್ತಳೆ ಗೋಡೆ ಹತ್ತಿ ಅದು ಚೌಕಟ್ಟಿನಾಚೆ ಇಳಿಯುವ ತನಕ
ಸ್ಟೂಲಿನ ಮೇಲೇ ನಿಂತಿದ್ದೆ.
ಹೋದ ದಾರಿಯುದ್ದಕ್ಕೂ
ಕಪ್ಪು ಹೆಜ್ಜೆ, ಸಾಸಿವೆಗಿಂತ ಸಣ್ಣವು.