ಮೂರನೇ ಕಾಲಂ

ಆರನೇ ಕ್ಲಾಸಿಗೆ ನಾನು ಕೊಟ್ಟದ್ದು ಸಣ್ಣ ಕೆಲಸ:
ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ
ಮಣ್ಣು ಎಲ್ಲೆಲ್ಲಿ ಜಾಗ ಬಿಟ್ಟಿದೆ, ನೋಡಿ ಬರೆಯಿರಿ.
ಮೂರು ಕಾಲಂ. ಜಾಗ, ಗುರುತು, ಕಾರಣ.

ಅಷ್ಟರಲ್ಲಿ ಡಿಸಿ ಎರಡು ದಿನ ರಜೆ ಕೊಟ್ಟರು.
ಮಕ್ಕಳು ಕುಣಿದರು.
ಗುಡ್ಡೆಗೆ ರಜೆ ಇರಲಿಲ್ಲ,
ಅದು ತೋಡು ಹಿಡಿದು ಕೆಳಗಿಳಿಯುತ್ತಲೇ ಇತ್ತು
ಚಾದ ಬಣ್ಣದಲ್ಲಿ.

ರೊವಿಟಾ ತಂದಳು ಮೊದಲ ಸುದ್ದಿ,
ವಾಮಂಜೂರು ತಿರುವಿನ ಗೇರುಮರದ್ದು:
ಹೋದ ವರ್ಷ ಬುಡದಲ್ಲಿ ಕೂತು ಚಪ್ಪಲಿ ಬಾರು ಸಿಕ್ಕಿಸುತ್ತಿದ್ದೆ ಟೀಚರ್,
ಈಗ ಬೇರಿಗೆ ಬ್ಯಾಗು ನೇತು ಹಾಕಬಹುದು.
ಬೇರಿನ ಬಣ್ಣ ಹೇಗಿದೆಯೆಂದರೆ
ಪ್ಲಾಸ್ಟರ್ ಬಿಚ್ಚಿದ ಕೈಯ ಹಾಗೆ.

ಸಫ್ವಾನ್ ಬೇಲಿ ನೋಡಿದ್ದ.
ಕಲ್ಲುಕಂಬದ ಅಡಿಯಲ್ಲಿ ನೆಲವಿಲ್ಲ,
ತಂತಿಯೇ ಕಂಬವನ್ನು ಎತ್ತಿಕೊಂಡು ನಿಂತಿದೆ.
ಯಾರು ಯಾರಿಗೆ ಆಧಾರ?
ಪ್ರಶ್ನೆಯ ಕೊಕ್ಕೆಯನ್ನು ಎರಡೆರಡು ಸಲ ತಿದ್ದಿದ್ದಾನೆ.

ಧನ್ವಿತಾ ಅಂಗಳದಾಚೆ ಹೋಗಲಿಲ್ಲ.
ಮಾಡಿನ ನೀರು ಬೀಳುವಲ್ಲಿ ಕುಕ್ಕರಗಾಲಲ್ಲಿ ಕೂತು ಕಂಡದ್ದು:
ಒಂದೊಂದು ಹರಳಿಗೂ ಒಂದೊಂದು ಮಣ್ಣಿನ ಮಣೆ.
ಸುತ್ತಲಿನ ಪಂಕ್ತಿ ಎದ್ದು ಹೋಗಿದೆ,
ಹರಳುಗಳು ಮಾತ್ರ ಕೂತೇ ಇವೆ,
ಪಾಯಸ ಇನ್ನೂ ಬರಲಿಕ್ಕುಂಟು ಎಂಬ ಹಾಗೆ.

ವಿಲ್ಸ್ಟನ್ ಬರೆದ: ಶಾಲೆಯ ಗೋಡೆಗೆ ಮೊಣಕಾಲೆತ್ತರ ಕೆಂಪು.
ಬುಧವಾರದ ಬಿಳಿ ಅಂಗಿಯ ಬೆನ್ನಿಗೂ ಅದೇ ಕೆಂಪು.
ಅಮ್ಮ ಬೈದದ್ದನ್ನೂ ಗುರುತಿನ ಕಾಲಮಿನಲ್ಲೇ ಸೇರಿಸಿದ್ದಾನೆ.

ಪ್ರೇಕ್ಷಾಳ ಅಜ್ಜಿಮನೆ ಬೆಂಗ್ರೆ.
ರಜೆಗೆ ಅಲ್ಲಿದ್ದವಳು ಅಳುಮುಖದಲ್ಲಿ ಬಂದಳು:
ಅಲ್ಲಿ ಹೋಗುವುದಲ್ಲ ಟೀಚರ್, ಬರುವುದು.
ಅಳಿವೆ ಬಾಗಿಲಲ್ಲಿ ಮಾವನ ದೋಣಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ.
ನನ್ನದು ತಪ್ಪಾ?

ಪೇಪರಿನಲ್ಲಿ 'ಧರೆ ಕುಸಿತ' ಅಂತ ಉಂಟಲ್ಲ,
ಧರೆ ಅಂದರೆ ಇಡೀ ಭೂಮಿ ಅಲ್ವಾ?
ಹಿಂದಿನ ಬೆಂಚು ಕೇಳಿತು.
ನಮ್ಮ ಕಡೆ ಧರೆ ಅಂದರೆ ಬರೀ ದಾರಿ ಬದಿಯ ದಿಣ್ಣೆ ಮಕ್ಕಳೇ, ಎಂದೆ.
ಎಂದು, ಕಿಟಕಿ ಹಾಕಿದೆ.

ಕಾರಣದ ಕಾಲಮಿನಲ್ಲಿ ಎಲ್ಲರದ್ದೂ ಒಂದೇ ಶಬ್ದ: ಮಳೆ.
ಮೂವತ್ತೇಳು ಮಳೆಗೆ ನಾನು ಸರಿ ಹಾಕಿದೆ.
ಮೋಕ್ಷಿತ್ ಮಾತ್ರ ಬರೆಯಲಿಲ್ಲ.

ಜಾಗ: ಶಾಲೆಯ ಮೇಲಿನ ಪದವು, ಸೈಟ್ ಮಾಡುವಲ್ಲಿ.
ಗುರುತು: ಐದು ಉದ್ದ ಗೀಟು,
ಸ್ಕೇಲಿಟ್ಟು ಎಳೆದದ್ದು,
ನಡುವಿನದ್ದು ತುಸು ಮೊಂಡು.
ಹಿಟಾಚಿಯ ಬಕೆಟಿಗೆ ಐದು ಹಲ್ಲು,
ಒಂದು ಸವೆದಿದೆ ಎಂದು
ದೂರದಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ.
ಮೂರನೇ ಕಾಲಂ ಬಿಳಿ.
ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿದೆ.

ಸಂಜೆ ಮಳೆ ಹೊಳವಾದಾಗ ಅವರ ಮನೆಯ ದಾರಿ ಹಿಡಿದೆ,
ಬಸ್ಸಿಗೆ ಅದೇ ಹತ್ತಿರ ಎಂದು ನನಗೆ ನಾನೇ ಹೇಳಿಕೊಂಡು.
ಹುಡುಗ ಅಪ್ಪನ ಬೂಟು ತೊಳೆಯುತ್ತಿದ್ದ.
ಬಾಲ್ದಿಯ ನೀರು ದಪ್ಪ, ಕೆಂಪು.
ನನ್ನನ್ನು ಕಂಡು ಬೂಟನ್ನು ಬೆನ್ನ ಹಿಂದೆ ಮಾಡಿದ.

ಚರಂಡಿ ಎರಡು ಹೆಜ್ಜೆಯಲ್ಲಿತ್ತು.
ಅವನು ಬಾಲ್ದಿ ಎತ್ತಿಕೊಂಡು ಅಂಗಳ ಸುತ್ತಿ ಹೋಗಿ
ಬಸಳೆ ಚಪ್ಪರದ ಬುಡಕ್ಕೆ ಹೊಯ್ದ,
ತಳದ ಗಸಿಯನ್ನು ಕೈಯಲ್ಲಿ ಬಳಿದು ಹಾಕಿದ.
ಇದು ಮೇಲಿನ ಪದವಿನದ್ದು ಟೀಚರ್,
ಇಷ್ಟು ಮಾತ್ರ ಮನೆಗೆ ಬಂದದ್ದು.

ಒಳಗಿನಿಂದ ಅವನಪ್ಪ,
ಚಾ ಕುಡಿದು ಹೋಗಿ ಟೀಚರ್, ಎಂದರು.
ಬಾಗಿಲಿಗೆ ಬಂದು ಆಕಾಶ ನೋಡಿದರು:
ಮಳೆ ಬಿಟ್ಟರೆ ನಾಳೆ ಕೆಲಸ ಉಂಟು.