ರಿಸೆಟ್

ಮೊದಲ ದಿನ ಬಾಗವಾನ ಸಾಹೇಬ್ರು ಹೇಳಿದ್ದು ಇಷ್ಟ:
ಎಂಟು ಒತ್ತಿದರ ಮುಂದಿನ ಪುಟ, ಏಳು ಒತ್ತಿದರ ಹಿಂದಿಂದು,
ಮೂರು ಒತ್ತಿದರ ಹೊರಗ.
ಎಂಟರ್ ಹೊಡದ ಮ್ಯಾಲೆ ಕೈ ತಗೀಬೇಕು, ತಂಗಿ.
ದೊಡ್ಡ ಮಶಿನ್ನು ಎಲ್ಲೋ ದೂರದಾಗ ಐತಿ, ನಾನೂ ನೋಡಿಲ್ಲ.
ಅದು ಉತ್ತರ ಕೊಡೂತನಕ
ಕೀಬೋರ್ಡು ನಿಂದಲ್ಲ.

ನವನಗರದ ಆಫೀಸು. ಕಪ್ಪು ಗಾಜಿನೊಳಗ ಹಸಿರು ಅಕ್ಷರ:
ಹಳೇ ಬಾಗಲಕೋಟಿ ಓಣಿ, ಮನಿ ನಂಬರು,
ಗ್ವಾಡಿ ಮಣ್ಣಿಂದೋ ಕಲ್ಲಿಂದೋ,
ಬೇವಿನ ಗಿಡ ಎಷ್ಟು.

ನೀಲವ್ವ ಸಿಂಪಿ ಕಿಡಕ್ಯಾಗ ಚೀಟಿ ಹಿಡದು ನಿಂತಾಳ.
ಎಂಟು. ಎಂಟು. ಎಂಟು.
"ನಮ್ಮ ಓಣಿ ದಾಟಿ ಹೋತೇನವಾ?" ಅಂತಾಳ,
ಬಸ್ಸಿನ್ಯಾಗ ನಿದ್ದಿಯಿಂದ ಎದ್ದವರಂಗ.
ಏಳು ಒತ್ತಿದೆ. ಸಿಕ್ಕಿತು. ಎರಡು ಖೋಲಿ, ಒಂದು ಬಾವಿ.
"ಬಾವಿ ಬರದಾರಲ್ಲ? ಹಂಗಾರ ನಮ್ದ."

ಸಂಜೀಕ ಎಲ್ಲಾರೂ ಚಾಕ್ಕ ಹೋದಾಗ
ನಮ್ಮ ಮನಿ ನಂಬರು ಹೊಡದೆ. ಎಂಟರ್.
ಕೆಳಗ ಗಡಿಯಾರದ ಗುರುತು. ಕೈ ತಗದೆ.
ಬಂತು. ಇಂಗ್ಲಿಷಿನ್ಯಾಗ ಅಪ್ಪ, ಒಂದು ಅಕ್ಷರ ತಪ್ಪು.
ಹೆಸರು ತಿದ್ದಾಕ ಬರತದ, ತಿದ್ದಿದೆ.
ಕಡೇ ಸಾಲು: ಸ್ಥಿತಿ, ಮುಳುಗಡೆ.

ಅದನ್ನ ತಿದ್ದಾಕ ಬರೂದಿಲ್ಲ. ಗೊತ್ತಿತ್ತು.
ಕರ್ಸರ್ ಅಲ್ಲಿಗೇ ಒಯ್ದೆ,
ಯಾವುದೋ ಒಂದು ಅಕ್ಷರ ಒತ್ತಿದೆ.
ಮೂಲ್ಯಾಗ ಕತ್ತರಿ ಗುರುತು ಬಿತ್ತು,
ಯಾವ ಗುಂಡಿ ಒತ್ತಿದರೂ ಕಲ್ಲು.

ಹಿಂದ ಬಾಗವಾನ ಸಾಹೇಬ್ರು, ಕೈಯಾಗ ಬಶಿ.
ಏನೂ ಕೇಳಲಿಲ್ಲ. ಬಗ್ಗಿ ಎಡಗೈಲೆ
ರಿಸೆಟ್ ಒತ್ತಿದ್ರು.
"ನಂದು ಇನ್ನೂ ನಾಕು ಪುಟ ಮುಂದ ಐತಿ," ಅಂದ್ರು.

ಎಂಟರ ಮ್ಯಾಲೆ ಬೆರಳು ಇಟ್ಟೆ.
ಮೂರು ಒತ್ತಿದೆ.